ತೂಕ ನಿಂತಿದೆ ಅಂತ ಬರೆದಿದ್ದೀಯಲ್ಲ

ಪ್ರೀತಿಯ ಪುಟ್ಟಿ,

ಮನೆ ಸುದ್ದಿಯೆಲ್ಲ ನಿಮ್ಮಮ್ಮ ಫೋನಿನಲ್ಲಿ ಹೇಳಿರುತ್ತಾಳೆ, ಬಿಡು. ನಿನ್ನ ಕಾಗದದ ಒಂದೇ ಮಾತು ರಾತ್ರಿಯೆಲ್ಲ ಕೊರೆಯಿತು. "ಮೂರು ವಾರದಿಂದ ತೂಕ ಇಳಿದೇ ಇಲ್ಲ ಅತ್ತೆ, ನನ್ನ ಮೈಗೆ ತೂಕ ಇಳಿಸುವ ಈ ಆಪರೇಷನ್ನೂ ಹತ್ತಲಿಲ್ಲವೇನೋ" ಅಂದಿದ್ದೀಯ.

ಆಪರೇಷನ್ ಆಗಿ ಇನ್ನೂ ನಾಲ್ಕು ತಿಂಗಳು ಅಲ್ವಾ? ನಡುನಡುವೆ ಹೀಗೆ ತೂಕ ನಿಲ್ಲುವುದು ಇದ್ದದ್ದೇ ಕಣೆ. ಇಳಿಯುವ ಕಾಲ 12ರಿಂದ 18 ತಿಂಗಳು. ನಿನಗೆ ಮಾಡಿದ ಸ್ಲೀವ್ ಆಪರೇಷನ್ನಿನಲ್ಲಿ ಹೊಟ್ಟೆಯೊಳಗಿನ ಜಠರದ ಮುಕ್ಕಾಲು ಭಾಗ ತೆಗೆಯುತ್ತಾರೆ. ಹಸಿವು ಹುಟ್ಟಿಸುವ ಗ್ರೆಲಿನ್ ಅನ್ನುವ ಹಾರ್ಮೋನ್ ಜಾಸ್ತಿ ತಯಾರಾಗುವುದು ಅಲ್ಲೇ. ಮೊದಲಿನ ಹಸಿವಿಲ್ಲ ಅಂತ ನೀನೇ ಬರೆದಿದ್ದೀಯ. ಮತ್ತೆ ಹತ್ತಲಿಲ್ಲ ಅನ್ನುವುದು ಹೇಗೆ?

ಪಕ್ಕದ ಬೆಡ್ಡಿನವಳು ಅಷ್ಟೊಂದು ಇಳಿದಳು ಅಂತೀಯ. ಅವಳದು ಬೈಪಾಸ್, ತೂಕ ಇಳಿಸುವುದಕ್ಕೇ ಮಾಡುವ ಬೇರೆ ಬಗೆಯ ಆಪರೇಷನ್. ಶುರುವಿನಲ್ಲೇ ನಿನಗಿಂತ ಭಾರ, ಕೆಜಿ ಲೆಕ್ಕದಲ್ಲಿ ಜಾಸ್ತಿ ಇಳಿಯುತ್ತಾಳೆ. ನಿನಗೆ ಸಕ್ಕರೆ ಕಾಯಿಲೆ ಬೇರೆ ಇದೆ. ಅದಿದ್ದವರಿಗೆ ಸಾಮಾನ್ಯವಾಗಿ ಇಳಿಯುವುದು ಕಮ್ಮಿ. ಇದರಲ್ಲಿ ನಿನ್ನ ತಪ್ಪೇನಿದೆ?

ನನಗೆ ಇನ್ಸುಲಿನ್ ಶುರುವಾದ ಮೇಲೆ ಮೈ ಬಂತು. "ಇವಳಿಗೆ ಬಾಯಿ ಕಟ್ಟೋಕಾಗಲ್ಲ" ಅಂದರು ಎಲ್ಲರೂ. ಇನ್ಸುಲಿನ್ನಿಂದ ತೂಕ ಏರುವುದುಂಟು ಅಂತ ಯಾರೂ ಹೇಳಲಿಲ್ಲ. ಪಂಕ್ತಿಯಲ್ಲಿ ಎರಡನೇ ಸಲ ಅನ್ನ ತಂದರೆ ಎಲೆಗೆ ಕೈ ಅಡ್ಡ ಹಿಡಿಯುತ್ತಿದ್ದೆ, ಹಸಿವಿದ್ದರೂ. ನಿಮ್ಮಕ್ಕನ ಧಾರೆಯ ಹೊತ್ತಿನಲ್ಲಿ ಅಡುಗೆಮನೆ ಬಾಗಿಲಲ್ಲೇ ನಿಂತಿದ್ದೆ. ಮುಂದೆ ಬಂದು ಅಕ್ಷತೆ ಹಾಕಲಿಲ್ಲ. ಅದು ಇವತ್ತಿಗೂ ಚುಚ್ಚುತ್ತದೆ. ನನ್ನ ಮೈಯೇ ಸರಿಯಿಲ್ಲ ಅನ್ನುವ ಆ ಯೋಚನೆ ನಿನಗೂ ಹತ್ತಿಕೊಂಡಿತಲ್ಲ ಅಂತ ಸಂಕಟವಾಗುತ್ತದೆ.

ಹೆದರಿಕೊಂಡು ಊಟ ಇನ್ನೂ ಕಮ್ಮಿ ಮಾಡಬೇಡ, ಮಾಂಸಖಂಡ ಕರಗುತ್ತದಂತೆ. ಮೊಟ್ಟೆ, ಪನ್ನೀರ್, ಮೊಸರು ಮೊದಲು, ಅನ್ನ ಆಮೇಲೆ. ದಿನಕ್ಕೆ 60 ಗ್ರಾಂ ಪ್ರೋಟೀನಾದರೂ ಬೇಕು. ಸಿಹಿ ಕಾಫಿ, ಕೋಡುಬಳೆ ಚೂರು ಪುಟ್ಟ ಹೊಟ್ಟೆಯಲ್ಲೂ ಸಲೀಸಾಗಿ ಇಳಿದುಬಿಡುತ್ತವೆ, ಅದೊಂದು ನೋಡಿಕೋ. ಇದೆಲ್ಲ ಡಯಟಿಷಿಯನ್ ಹೇಳಿರುತ್ತಾರೆ, ಬೇಜಾರು ಮಾಡಿಕೊಳ್ಳಬೇಡ. ದಿನಾ ಬೆಳಿಗ್ಗೆ ತೂಕದ ಮೆಷಿನ್ ಹತ್ತುವುದು ಮಾತ್ರ ಬಿಡು. ವಾರಕ್ಕೊಮ್ಮೆ ಸಾಕು.

ತೂಕ ಇಳಿದಿಲ್ಲ, ಚೆಕಪ್‌ಗೆ ಯಾವ ಮುಖ ಇಟ್ಟುಕೊಂಡು ಹೋಗಲಿ ಅಂದಿದ್ದೀಯ. ಹಾಗೆ ತಪ್ಪಿಸಬೇಡ ಪುಟ್ಟಿ. ಬಿ12, ಕಬ್ಬಿಣದಂಶ ಎಲ್ಲ ನೋಡುವುದು ಅಲ್ಲೇ. ತೂಕ ನಿಂತಿದೆ ಅಂತ ಅವರಿಗೇ ಹೇಳು. ಒಬ್ಬಳೇ ಹೋಗಲು ಮನಸ್ಸಿಲ್ಲದಿದ್ದರೆ ಯಾವ ದಿನ ಅಂತ ತಿಳಿಸು. ದಾವಣಗೆರೆಯಿಂದ ರಾತ್ರಿ ಬಸ್ಸಿಗೆ ಬಂದುಬಿಡುತ್ತೇನೆ.

ನಿನ್ನ ಅತ್ತೆ