ಜಂಪರಿನ ಅಳತೆ ಕಲಿಸಿದವರ ಹೆಸರೂ ಇರಲಿ

ಮಾನ್ಯ ಸಂಪಾದಕರೇ,

ಲೈಂಗಿಕ ಅಲ್ಪಸಂಖ್ಯಾತರ ಉಡುಗೆ ತೊಡುಗೆಯ ಬಗ್ಗೆ ಈಚೆಗೆ ಪತ್ರಿಕೆಗಳ ಪುರವಣಿಗಳಲ್ಲಿ ಬರುತ್ತಿರುವ ಬರಹಗಳನ್ನು ಆಸಕ್ತಿಯಿಂದ ಓದುತ್ತಿದ್ದೇನೆ. ಅವುಗಳಲ್ಲಿ ಹೆಚ್ಚಿನವು ಕ್ವೀರ್ ಫ್ಯಾಷನ್ ಎಂಬುದು ಮುಂಬಯಿ, ದಿಲ್ಲಿಗಳಲ್ಲಿ ನಿನ್ನೆ ಮೊನ್ನೆ ಹುಟ್ಟಿದ್ದೆಂದೂ ಒಬ್ಬ ವಿನ್ಯಾಸಕಾರನ ಪ್ರತಿಭೆಯ ಫಲವೆಂದೂ ಬಣ್ಣಿಸುತ್ತವೆ. ಹುಬ್ಬಳ್ಳಿಯಲ್ಲಿ ಮೂವತ್ತು ವರ್ಷಗಳಿಂದ ಜಂಪರ್ (ರವಿಕೆ) ಹೊಲಿಯುತ್ತಿರುವ ನನಗೆ ಈ ಎರಡೂ ಮಾತು ಒಪ್ಪಿಗೆಯಾಗುವುದಿಲ್ಲ.

ಸವದತ್ತಿ ಎಲ್ಲಮ್ಮನ ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗಳು ಹತ್ತಿರವಾದಾಗ ನನ್ನ ಅಂಗಡಿಗೆ ಜೋಗತಿಯರು, ಅಂದರೆ ಗಂಡಾಗಿ ಹುಟ್ಟಿ ದೇವಿಯ ಹೆಸರಲ್ಲಿ ಸೀರೆ ಉಟ್ಟು ಹೆಣ್ಣಾಗಿ ಬಾಳುವವರು, ಖಣ (ಜಂಪರಿನ ಬಟ್ಟೆ) ಹಿಡಿದು ಬರುತ್ತಾರೆ. ಮೊದಲ ಸಲ ಒಬ್ಬರು ಬಂದಾಗ, ಮೈಯಳತೆ ತೆಗೆದುಕೊಳ್ಳಲು ಹಿಂಜರಿದ ನಾನು, ಹಳೆಯ ಜಂಪರ್ ಇದ್ದರೆ ತನ್ನಿ ಎಂದು ಸಾಗಹಾಕಿದೆ. ಅದು ನನ್ನದೇ ತಪ್ಪು. ಹಾಗೆ ಹೊಲಿದದ್ದು ಭುಜದಲ್ಲಿ ಬಿಗಿಯಾಗಿ, ಎದೆಯಲ್ಲಿ ಸಡಿಲಾಗಿ ಮರಳಿ ಬಂತು. ಮುಂದೆ ಅವರೇ ಎದುರಿಗೆ ಕುಳಿತು ನನಗೆ ಪಾಠ ಹೇಳಿದರು. ಒಂದು ಜಂಪರಿಗೆ ಸಾಲುವಷ್ಟೇ ಇರುವ ಗುಳೇದಗುಡ್ಡದ ಖಣ ಅಗಲವಾದ ಭುಜಕ್ಕೆ ಸಾಲುವುದಿಲ್ಲವಾದ್ದರಿಂದ ಎಲ್ಲಿ ತುಂಡು ಕೂಡಿಸಬೇಕು, ಕೂಡಿಸಿದ ಗೆರೆ ಕಾಣದಂತೆ ಅಂಚನ್ನು ಎಲ್ಲಿಗೆ ತಂದುಕೊಳ್ಳಬೇಕು, ಎದೆಯ ಬಳಿ ಹಿಡಿಯುವ ಮಡಿಕೆಗಳಾದ ಟಕ್ಸ್ ಎಷ್ಟು ಕಡಿಮೆ ಮಾಡಬೇಕು ಎಂಬುದನ್ನೆಲ್ಲ ಅವರು ಬಲ್ಲವರಾಗಿದ್ದರು. ತಲೆಯ ಮೇಲೆ ಕೊಡ ಹೊತ್ತು ಕುಣಿಯುವಾಗ ತೋಳೆತ್ತಿದರೆ ಹೊಲಿಗೆ ಬಿಚ್ಚಬಾರದೆಂದು ಕಂಕುಳಲ್ಲಿ ಚೌಕದ ಸಣ್ಣ ತುಂಡೊಂದನ್ನು ಸೇರಿಸುವ ಉಪಾಯವೂ ಅವರದೇ. ಈಗ ಅದನ್ನು ನಾನು ಇತರ ಗಿರಾಕಿಗಳಿಗೂ ಮಾಡಿಕೊಡುತ್ತೇನೆ, ಮೆಚ್ಚುಗೆ ಮಾತ್ರ ನನಗೆ ಸಲ್ಲುತ್ತದೆ.

ಆ ಜಂಪರಿನ ಮೇಲೆ ಉಡುವ ಇಳಕಲ್ ಸೀರೆಯ ಹಿಂದೆಯೂ ಹಲವು ಕೈಗಳಿವೆ. ಒಡಲಿನ ಹಾಸಿನೊಂದಿಗೆ (ಮಗ್ಗದ ಉದ್ದೆಳೆಗಳೊಂದಿಗೆ) ಸೆರಗಿನ ರೇಷ್ಮೆಯ ಹಾಸನ್ನು ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸುವುದು ತಾಳ್ಮೆ ಬೇಡುವ ಕೆಲಸ. ಅದರ ಮೇಲೆ ಧಾರವಾಡದ ಹೆಣ್ಣುಮಕ್ಕಳು ಬಟ್ಟೆಯ ಎಳೆ ಎಣಿಸಿ, ಗಂಟು ಹಾಕದೆ, ಗಾವಂತಿ, ಮುರ್ಗಿ, ನೇಯ್ಗೆ, ಮೆಂತೆ ಹೊಲಿಗೆಗಳಲ್ಲಿ ಗೋಪುರ, ತೇರು, ತುಳಸಿಕಟ್ಟೆಗಳ ಕಸೂತಿ ತೆಗೆಯುತ್ತಾರೆ. ಇಷ್ಟಾದ ಮೇಲೂ ಉಟ್ಟವರಿಲ್ಲದೆ ಸೀರೆ ಪೂರ್ತಿಯಾಗುವುದಿಲ್ಲ. 2021ರ ನವೆಂಬರಿನಲ್ಲಿ ಜೋಗತಿ ನೃತ್ಯದ ಕಲಾವಿದೆ ಮಂಜಮ್ಮ ಜೋಗತಿಯವರು ಪದ್ಮಶ್ರೀ ಪಡೆಯುವಾಗ ಸೆರಗು ಹಿಡಿದು ರಾಷ್ಟ್ರಪತಿಗಳಿಗೆ ದೃಷ್ಟಿ ತೆಗೆದದ್ದನ್ನು ದೇಶವೇ ಕಂಡಿತು. ಆ ಸೆರಗಿಗೆ ಅಂಥದೊಂದು ಅರ್ಥ ತಂದವರು ಯಾವ ವಿನ್ಯಾಸಕಾರರೂ ಅಲ್ಲ.

ಜೋಗತಿಯರ ಸೀರೆಯನ್ನು ಇಂದಿನ ಯುವಕ ಯುವತಿಯರು ತಮ್ಮ ಇಷ್ಟದಿಂದ ತೊಡುವ ಉಡುಪಿನೊಂದಿಗೆ ಸರಿಗಟ್ಟಿ ನೋಡಬೇಕೆಂದು ನಾನು ಹೇಳುತ್ತಿಲ್ಲ. ಅದರಲ್ಲಿ ದೇವಿಯ ಹರಕೆಯಿದೆ, ಮುತ್ತು ಕಟ್ಟಿಸಿಕೊಂಡು ದೇವಿಗೆ ಮೀಸಲಾದ ಮೇಲೆ ಮನೆಯಿಂದ ದೂರವಾದವರ ನೋವೂ ಇದೆ. ಆದರೆ ಗಂಡು ಹೆಣ್ಣೆಂಬ ಎರಡೇ ಅಳತೆಗೆ ಒಗ್ಗದವರು ತಾವು ಯಾರೆಂಬುದನ್ನು ಬಟ್ಟೆಯ ಮೂಲಕ ತೋರಿಸಿಕೊಳ್ಳುವುದು ಈ ನಾಡಿಗೆ ಹೊಸದೇನಲ್ಲ. (ಮರಾಠಿ ರಂಗಭೂಮಿಯಲ್ಲಿ ಸ್ತ್ರೀಪಾತ್ರ ಮಾಡುತ್ತಿದ್ದ ನಟ ಬಾಲಗಂಧರ್ವರು ಸೀರೆ ಉಡುತ್ತಿದ್ದ ರೀತಿಯನ್ನು ಪ್ರತಿಷ್ಠಿತ ಮನೆಗಳ ಹೆಂಗಸರೇ ಅನುಕರಿಸಿದ್ದರು. ಅದು ನಾಟಕದ ಮಾತಾಯಿತು, ನಿಜ.) ಉಡುಪಿನ ಮೂಲಕ ತನ್ನ ಲಿಂಗತ್ವವನ್ನು ವ್ಯಕ್ತಪಡಿಸುವುದು ಸಂವಿಧಾನದ 19ನೇ ವಿಧಿಯ ಅಭಿವ್ಯಕ್ತಿ ಸ್ವಾತಂತ್ರ್ಯದಲ್ಲಿ ಸೇರಿದೆಯೆಂದು ಸುಪ್ರೀಂ ಕೋರ್ಟ್ 2014ರ ಏಪ್ರಿಲ್ 15ರಂದೇ ಹೇಳಿದೆ. ಅದಾಗಿ ಇಷ್ಟು ವರ್ಷ ಕಳೆದರೂ ಅವರ ಅಳತೆ ತೆಗೆದುಕೊಳ್ಳಲು ಅಂದು ನಾನು ಹಿಂಜರಿದಂತೆ ಹಿಂಜರಿಯುವ ಸಿಂಪಿಗರು ನಮ್ಮ ಊರಲ್ಲಿ ಇಂದಿಗೂ ಇದ್ದಾರೆ.

ಹುಬ್ಬಳ್ಳಿ–ಧಾರವಾಡ, ಗದಗ–ಬೆಟಗೇರಿಗಳಲ್ಲಿ ಕೈಮಗ್ಗದ ಮೇಳ ಏರ್ಪಡಿಸುವವರಲ್ಲಿ ನನ್ನದೊಂದು ವಿನಂತಿಯಿದೆ. ಉಡುಪಿಗೆ ಕಟ್ಟುವ ಚೀಟಿಯಲ್ಲಿ ಬೆಲೆಯ ಜೊತೆಗೆ, ನೇಯ್ದವರು, ಕಸೂತಿ ಹಾಕಿದವರು, ಹೊಲಿದವರು ಇವರೆಲ್ಲರ ಹೆಸರನ್ನು ಅವರ ಒಪ್ಪಿಗೆ ಪಡೆದು ಬರೆಯಲಿ. ಹೊಲಿಗೆ ತರಬೇತಿ ಕೊಡುವ ಸಂಸ್ಥೆಗಳು ಜೋಗತಿಯರನ್ನೂ ಇತರ ಲಿಂಗತ್ವ ಅಲ್ಪಸಂಖ್ಯಾತರನ್ನೂ ಪ್ರದರ್ಶನದ ದಿನ ವೇದಿಕೆಯ ಮೇಲೆ ನಡೆಸಿ ಕಳಿಸುವ ಬದಲು, ಅಳತೆ ಕಲಿಸುವ ಪಾಠಕ್ಕೆ ಸಂಭಾವನೆ ಕೊಟ್ಟು ಕರೆಸಲಿ. ನನ್ನ ಅಂಗಡಿಗೆ ಬರುವ ಇಬ್ಬರು ಈ ಕೆಲಸಕ್ಕೆ ಒಪ್ಪಿದ್ದಾರೆ. ಹುಣ್ಣಿಮೆಯ ಆಸುಪಾಸಿನ ದಿನಗಳನ್ನು ಮಾತ್ರ ಬಿಡಬೇಕೆಂದು ಹೇಳಿದ್ದಾರೆ.

ಇತಿ,
ಒಬ್ಬ ಹೊಲಿಗೆ ಕಸುಬಿನವ
ಹಳೇ ಹುಬ್ಬಳ್ಳಿ