ಮಗಳೇ, ಮೊದಲು ಗಂಟೆ ಲೆಕ್ಕ ಹಾಕು

ಪ್ರೀತಿಯ ಪುಟ್ಟಿ,

ಕೆಲಸ ಬಿಡದೆ ದೂರಶಿಕ್ಷಣದಲ್ಲಿ ಡಿಗ್ರಿ ಮಾಡೋದರ ಬಗ್ಗೆ ನಿನ್ನೆ ಫೋನಿನಲ್ಲಿ ನೀನು ಕೇಳಿದ್ದು ಇನ್ನೂ ತಲೆಯಲ್ಲಿ ಓಡುತ್ತಿದೆ. "ಅಮ್ಮಾ, ಒಂದು ಕಡೆ ಡಿಗ್ರಿಗೆ 120 ಕ್ರೆಡಿಟ್ ಸಾಕಂತೆ, ಇನ್ನೊಂದು ಕಡೆ 360 ಬೇಕಂತೆ. ಮೂರು ಪಟ್ಟು ಓದೋಕೆ ನನಗೇನು ಹುಚ್ಚಾ?" ಅಂದೆ. ನಾನು ಉತ್ತರ ಹೇಳೋಕೆ ಹೋಗಿ ಇಬ್ಬರಿಗೂ ಗೊಂದಲ ಆಯಿತು. ಅದಕ್ಕೇ ಕೂತು ಬರೆಯುತ್ತಿದ್ದೇನೆ. ಪೆನ್ನು ಹಿಡಿದುಕೊಂಡು ಓದು.

ಕ್ರೆಡಿಟ್ ಅಂದರೆ ಓದಿಗೆ ಹಿಡಿಯುವ ಹೊತ್ತಿನ ಅಳತೆ. ಆದರೆ ಸೇರು ಊರೂರಿಗೆ ಬೇರೆ ಇದ್ದ ಹಾಗೆ ಇದೂ ಬೇರೆ ಬೇರೆ. ನಮ್ಮ ದೇಶದ ಇಂದಿರಾ ಗಾಂಧಿ ಮುಕ್ತ ವಿಶ್ವವಿದ್ಯಾಲಯ, ಅಂದರೆ ಇಗ್ನೋದಲ್ಲಿ 1 ಕ್ರೆಡಿಟ್ ಅಂದರೆ 30 ಗಂಟೆ ಓದು. ಬ್ರಿಟನ್ನಿನ ಓಪನ್ ಯೂನಿವರ್ಸಿಟಿಯಲ್ಲಿ 1 ಕ್ರೆಡಿಟ್ ಅಂದರೆ 10 ಗಂಟೆ. ಈಗ ಗುಣಿಸಿ ನೋಡು. ನಮ್ಮ ವಿಶ್ವವಿದ್ಯಾಲಯಗಳಿಗೆ ನಿಯಮ ಮಾಡುವ ಯುಜಿಸಿ 2022ರಲ್ಲಿ ತಂದ ಚೌಕಟ್ಟಿನಲ್ಲಿ ಮೂರು ವರ್ಷದ ಡಿಗ್ರಿಗೆ ಕನಿಷ್ಠ 120 ಕ್ರೆಡಿಟ್. ಮೂವತ್ತರಿಂದ ಗುಣಿಸಿದರೆ 3600 ಗಂಟೆ. ಬ್ರಿಟನ್ನಿನಲ್ಲಿ ಆನರ್ಸ್ ಡಿಗ್ರಿಗೆ 360 ಕ್ರೆಡಿಟ್. ಹತ್ತರಿಂದ ಗುಣಿಸಿದರೆ? ಅದೂ 3600! ನೀನು ಹೆದರಿದ್ದು ಬರೀ ಅಂಕಿಗೆ. ಯುರೋಪಿನ ಬೇರೆ ದೇಶಗಳಲ್ಲಿ ಡಿಗ್ರಿಗೆ ಸಾಮಾನ್ಯವಾಗಿ 180 ಕ್ರೆಡಿಟ್, ಒಂದೊಂದಕ್ಕೆ 25ರಿಂದ 30 ಗಂಟೆ. ಬ್ರಿಟನ್ನಿನವರು ತಮ್ಮ ಎರಡು ಕ್ರೆಡಿಟ್ಟನ್ನು ಅವರ ಒಂದಕ್ಕೆ ಸಮ ಅನ್ನುತ್ತಾರೆ. ಗಂಟೆ ಹಿಡಿದು ನೋಡಿದರೆ ಲೆಕ್ಕ ಪೂರ್ತಿ ಕೂಡಿಬರೋದಿಲ್ಲ. ಅದು ಅವರವರ ತಲೆನೋವು ಬಿಡು.

ಈ ಗಂಟೆಗಳಲ್ಲಿ ಎಲ್ಲವೂ ಸೇರಿದೆ. ಪುಸ್ತಕ ಓದೋದು, ವಿಡಿಯೋ ನೋಡೋದು, ಅಸೈನ್‌ಮೆಂಟ್ ಬರೆಯೋದು, ಪರೀಕ್ಷೆಗೆ ತಯಾರಾಗೋದು, ಎಲ್ಲ.

ಈಗ ನಿನ್ನ ಹಟಕ್ಕೆ ಬರೋಣ. ಮೂರೇ ವರ್ಷದಲ್ಲಿ ಮುಗಿಸ್ತೀನಿ ಅಂತೀಯ. ಅಂದರೆ ವರ್ಷಕ್ಕೆ 1200 ಗಂಟೆ. ವರ್ಷದಲ್ಲಿ 52 ವಾರ ಇದ್ದರೂ ಜ್ವರ, ನೆಂಟರು, ಆಫೀಸಿನ ಕೆಲಸ ಅಂತ ಕಳೆದು ಕೈಗೆ ಸಿಗೋದು 40 ಅಂತ ಇಟ್ಟುಕೋ. ವಾರಕ್ಕೆ 30 ಗಂಟೆ ಆಯಿತು. ಕೆಲಸದಿಂದ ಬಂದ ಮೇಲೆ ದಿನಾ ಎರಡು ಗಂಟೆ, ಶನಿವಾರ ಹತ್ತು, ಭಾನುವಾರ ಹತ್ತು. ಒಂದು ವಾರ ಯಾರು ಬೇಕಾದರೂ ಮಾಡುತ್ತಾರೆ. ನಲವತ್ತು ವಾರ ಮಾಡ್ತೀಯಾ? ಮೂರು ವರ್ಷ? ವಾರಕ್ಕೆ 20 ಗಂಟೆ ಅಂದರೆ ನಾಲ್ಕೂವರೆ ವರ್ಷ, 15 ಅಂದರೆ ಆರು ವರ್ಷ. ಕೆಲಸ ಇಟ್ಟುಕೊಂಡು ಓದುವವಳಿಗೆ ಇವೆರಡರ ನಡುವೆ ಎಲ್ಲೋ ಸರಿ ಅಂತ ನನಗನಿಸುತ್ತದೆ. ಮೊದಲ ಸೆಮಿಸ್ಟರಿನಲ್ಲಿ ಕಡಿಮೆ ತೆಗೆದುಕೋ. ಕೈ ಕುದುರಿದ ಮೇಲೆ ಒಂದು ಕೋರ್ಸ್ ಜಾಸ್ತಿ ಮಾಡಿಕೋ. ಮೊದಲೇ ಹೊತ್ತುಕೊಂಡು ಆಮೇಲೆ ಇಳಿಸೋದು ಕಷ್ಟ, ಫೀಸು ಕಟ್ಟಿರ್ತೀಯ ಅಲ್ವಾ. ಆದರೆ ಎಷ್ಟು ವರ್ಷದೊಳಗೆ ಮುಗಿಸಲೇಬೇಕು ಅನ್ನುವ ಗಡುವೂ ಇರುತ್ತದೆ. ಅದನ್ನು ಸೇರುವ ಮೊದಲೇ ನೋಡಿ ಗೋಡೆ ಮೇಲೆ ಬರೆದಿಡು.

ಇನ್ನು ನನ್ನ ಕಥೆ. ನೀನಾಗ ಎರಡನೇ ಕ್ಲಾಸು. ನಾನು ಇಷ್ಟವಾದ ಪೇಪರುಗಳನ್ನೆಲ್ಲ ಒಂದೊಂದಾಗಿ ಮುಗಿಸಿದೆ. ಕ್ರೆಡಿಟ್ ಕೂಡಿಸಿದರೆ ಡಿಗ್ರಿಗೆ ಬೇಕಾದಷ್ಟು ಆಗಿತ್ತು. ಖುಷಿಯಿಂದ ಅರ್ಜಿ ಹಾಕಿದೆ. "ಆಗಲ್ಲ" ಅಂತ ವಾಪಸ್ ಬಂತು. ಇಷ್ಟದ ಪೇಪರುಗಳು ಒಂದು ಜಾಸ್ತಿಯೇ ಆಗಿದ್ದವು, ಕಡ್ಡಾಯದ ಭಾಷಾ ಪೇಪರ್ ಒಂದು ಉಳಿದೇ ಹೋಗಿತ್ತು. ಬರೀ ನಾಲ್ಕು ಕ್ರೆಡಿಟ್! ಚಿಕ್ಕದು, ಆಮೇಲೆ ನೋಡೋಣ ಅಂತ ಮುಂದೂಡಿದ್ದೆ. ಮುಂದಿನ ಪರೀಕ್ಷೆಗೆ ಆರು ತಿಂಗಳು ಕಾಯಬೇಕಾಯಿತು. "ಅಮ್ಮಾ, ನಿನ್ನ ಪರೀಕ್ಷೆ ಇನ್ನೂ ಮುಗಿದಿಲ್ವಾ?" ಅಂತ ನೀನು ಕೇಳಿದ್ದು ನೆನಪಿದೆಯಾ? ನನಗಂತೂ ಇದೆ.

ಹಾಗಾಗಿ ಒಟ್ಟು ಮೊತ್ತ ನೋಡಿ ಮೋಸ ಹೋಗಬೇಡ. ಮುಖ್ಯ ವಿಷಯ, ಐಚ್ಛಿಕ, ಭಾಷೆ, ಕೌಶಲ್ಯ, ಒಂದೊಂದು ಗುಂಪಿಗೂ ಬೇರೆ ಲೆಕ್ಕ. ಒಂದರಲ್ಲಿ ಹೆಚ್ಚಾಗಿದ್ದು ಇನ್ನೊಂದರ ಕೊರತೆ ತುಂಬೋದಿಲ್ಲ. ಗುಂಪಿಗೊಂದು ಸಾಲು ಎಳೆದು, ಮುಗಿದ ಹಾಗೆ ತುಂಬುತ್ತಾ ಹೋಗು. ನೀನು ಅರ್ಧಕ್ಕೆ ಬಿಟ್ಟ ಕಾಲೇಜಿನ ಕ್ರೆಡಿಟ್ ಉಪಯೋಗಕ್ಕೆ ಬರಬಹುದು. ಆದರೆ ಅದು ಯಾವ ಗುಂಪಿಗೆ ಸೇರುತ್ತದೆ ಅಂತ ಸೇರುವ ಮೊದಲೇ ಬರವಣಿಗೆಯಲ್ಲಿ ಕೇಳು. ಬಾಯಿಮಾತು ಬೇಡ.

ಇನ್ನೊಂದು ವಿಷಯ ಮರೆತಿದ್ದೆ. ನಾಲ್ಕು ಕೋರ್ಸ್ ತೆಗೆದುಕೊಂಡರೆ ನಾಲ್ಕರ ಅಸೈನ್‌ಮೆಂಟೂ ಒಂದೇ ವಾರದಲ್ಲಿ ಬಂದು ಕುತ್ತಿಗೆಗೆ ಕೂರುತ್ತವೆ. ಇಗ್ನೋದಂಥ ಕಡೆ ಅದನ್ನು ಕೊಡದೆ ಪರೀಕ್ಷೆ ಮಾತ್ರ ಬರೆದರೆ ಕೋರ್ಸ್ ಮುಗಿದಂತೆ ಆಗೋದಿಲ್ಲ. ಎರಡು ಪರೀಕ್ಷೆ ಒಂದೇ ಹೊತ್ತಿಗೆ ಬೀಳುತ್ತವಾ ಅಂತಲೂ ನೋಡಿಕೋ.

ನಾನು ಹೇಳಿದ ಗಂಟೆಗಳೆಲ್ಲ ಸರಾಸರಿ ಲೆಕ್ಕ. ಕಥೆ, ಇತಿಹಾಸ ಆದರೆ ನೀನು ಅರ್ಧ ಹೊತ್ತಿನಲ್ಲಿ ಮುಗಿಸ್ತೀಯ, ಗೊತ್ತು. ಲೆಕ್ಕದ ಪೇಪರಿಗೆ ಎರಡು ಪಟ್ಟು ಬೇಕಾದೀತು. ಸ್ಟ್ಯಾಟಿಸ್ಟಿಕ್ಸನ್ನು ಮೊದಲ ಸೆಮಿಸ್ಟರಿಗೇ ಇಟ್ಟಿದ್ದೀಯಂತೆ, ನಿನ್ನ ತಂಗಿ ಹೇಳಿದಳು. ಬೇಡ ಅನ್ನಲ್ಲ. ಅದರ ಒಂದು ಯುನಿಟ್ ಮಾತ್ರ ಗಡಿಯಾರ ಮುಂದಿಟ್ಟುಕೊಂಡು ಓದು. ಎಷ್ಟು ಹೊತ್ತು ಹಿಡಿಯಿತು ಅಂತ ಭಾನುವಾರ ಫೋನ್ ಮಾಡಿ ಹೇಳು, ಉಳಿದಿದ್ದು ಆಮೇಲೆ ಮಾತಾಡೋಣ.

ನಿನ್ನ
ಅಮ್ಮ