ಹೆಸರು ಗೊತ್ತಿಲ್ಲದ ಪಾರ್ಲರ್ ಅಕ್ಕನಿಗೆ ಥ್ಯಾಂಕ್ಸ್

ದಾವಣಗೆರೆ ವಿದ್ಯಾನಗರದ ಒಂದು ಪಾರ್ಲರ್‌ನಲ್ಲಿ ಕೆಲಸ ಮಾಡುವ ಅಕ್ಕ, ನಿಮ್ಮ ಹೆಸರು ಕೇಳಲೇ ಇಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನನ್ನ ತಂಗಿ ಮದುವೆಗೆ ಮುಂಚೆ ಬ್ಲೀಚ್ ಮಾಡಿಸಲು ಬಂದಿದ್ದಳು. ತುಟಿಯ ಪಕ್ಕ ಸಣ್ಣ ಬಿಳಿ ಮಚ್ಚೆ. ಮನೆಯಲ್ಲಿ ಎಲ್ಲರೂ ಚಿಬ್ಬು ಅಂದಿದ್ದರು. ನೀವು ಕಿಟಕಿ ಬೆಳಕಿಗೆ ಅವಳ ಮುಖ ತಿರುಗಿಸಿ ನೋಡಿದಿರಿ. ಚಿಬ್ಬಾದರೆ ಸಣ್ಣಗೆ ಹೊಟ್ಟು ಏಳುತ್ತದೆ. ಇದು ನುಣ್ಣಗಿತ್ತು, ಅಂಚು ಸ್ಪಷ್ಟ, ಹಾಲಿನಂಥ ಬಿಳುಪು. "ಏನು ಅಂತ ನಾನು ಹೇಳಬಾರದಮ್ಮ. ಬ್ಲೀಚ್ ಬೇಡ, ಸ್ಕಿನ್ ಡಾಕ್ಟರ್‌ಗೆ ತೋರಿಸು" ಅಂದಿರಿ. ಮದುವೆ ಸೀಸನ್‌ನಲ್ಲಿ ಬಂದ ಗಿರಾಕಿಯನ್ನು ಯಾರು ವಾಪಸ್ ಕಳಿಸುತ್ತಾರೆ, ಹೇಳಿ?

ಡಾಕ್ಟರ್ ಕತ್ತಲೆ ಕೋಣೆಯಲ್ಲಿ ವುಡ್ಸ್ ಲ್ಯಾಂಪ್ ಅನ್ನೋ ನೇರಳಾತೀತ ಬೆಳಕಿನ ದೀಪ ಹಿಡಿದರು. ಮಚ್ಚೆ ನೀಲಿ ಬಿಳುಪಾಗಿ ಹೊಳೆಯಿತು. ತೊನ್ನು. ಚರ್ಮಕ್ಕೆ ಬಣ್ಣ ಕೊಡುವ ಕೋಶಗಳ ಮೇಲೆ ನಮ್ಮದೇ ದೇಹದ ರಕ್ಷಣಾ ವ್ಯವಸ್ಥೆ ತಿರುಗಿ ಬೀಳುವುದು ಅದು. ಅಂಟುರೋಗ ಅಲ್ಲವೇ ಅಲ್ಲ. ಆದರೆ ಚರ್ಮ ಸುಟ್ಟರೆ, ತರಚಿದರೆ ಅಲ್ಲೇ ಹೊಸ ಮಚ್ಚೆ ಏಳಬಹುದು. ಬ್ಲೀಚ್ ಉರಿ ತಂದಿದ್ದರೆ ಕಷ್ಟವಿತ್ತು. ಮಚ್ಚೆಯ ಮೇಲಿನ ರೋಮ ಇನ್ನೂ ಕಪ್ಪಗಿದ್ದದ್ದು ಒಳ್ಳೆಯದಾಯಿತು. ಬಣ್ಣ ಮರಳುವುದು ಜಾಸ್ತಿ ರೋಮದ ಬುಡದಿಂದಲೇ ಅಲ್ವಾ.

ಮುಲಾಮು ನಡೆಯುತ್ತಿದೆ, ಚುಕ್ಕೆ ಚುಕ್ಕೆಯಾಗಿ ಬಣ್ಣ ಬರುತ್ತಿದೆ. ಗಂಡಿನ ಮನೆಯವರಿಗೂ ಮೊದಲೇ ತಿಳಿಸಿದೆವು, ಮದುವೆ ಚೆನ್ನಾಗಿ ನಡೆಯಿತು. ತುಂಬಾ ಥ್ಯಾಂಕ್ಸ್ ಅಕ್ಕ.